ಕ್ಯೂ ತಪ್ಪಿಸುವ ಟಿಕೆಟ್

ಯುರೋಪ್ ಪ್ಯಾಕೇಜ್ ಟೂರ್ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೂರನೇ ಚರ್ಚಿನ ಹೊತ್ತಿಗೆ ಗೋಡೆಯ ಚಿನ್ನ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ. ಎರಡನೇ ಅರಮನೆಯಲ್ಲಿ ಎಲ್ಲರೂ ಹುಡುಕುವುದು ಟಾಯ್ಲೆಟ್ ಎಲ್ಲಿದೆ ಅಂತ. ಕ್ಯೂ ಮಾತ್ರ ಎಲ್ಲೂ ಬೇಜಾರಾಗದಷ್ಟು ಉದ್ದ ಇರುತ್ತದೆ.

ರೋಮಿನಿಂದ ಶುರು ಮಾಡೋಣ. ಅಲ್ಲಿ ವ್ಯಾಟಿಕನ್‌ನಲ್ಲಿರುವ ಸೇಂಟ್ ಪೀಟರ್ಸ್ ಬೆಸಿಲಿಕಾ ಎಂಬ ದೊಡ್ಡ ಚರ್ಚಿನ ಕೆಲಸ ಶುರುವಾಗಿದ್ದು 1506ರಲ್ಲಿ, ಮುಗಿದದ್ದು 1626ರಲ್ಲಿ. ನಡುವೆ ದುಡ್ಡು ಬೇಕಾಯಿತು. ಪೋಪ್ ಹತ್ತನೇ ಲಿಯೋ ಪಾಪವಿಮೋಚನೆಯ ಚೀಟಿ ಮಾರಿಸಿದರು. ಕಾಸು ಕೊಟ್ಟರೆ, ಸತ್ತ ಮೇಲೆ ಸ್ವರ್ಗದ ಬಾಗಿಲಾಚೆ ನರಳುತ್ತಾ ಕಾಯುವ ಕಾಲ ಕಮ್ಮಿಯಾಗುತ್ತದೆ ಎಂಬ ಲೆಕ್ಕ. ಜರ್ಮನಿಯಲ್ಲಿ ವ್ಯಾಪಾರ ಜೋರಾಗಿತ್ತು. 1517ರಲ್ಲಿ ಅಲ್ಲಿನ ಪಾದ್ರಿ ಮಾರ್ಟಿನ್ ಲೂಥರ್ ಸಿಟ್ಟಾಗಿ 95 ತಕರಾರು ಬರೆದರು. ಕೊನೆಗೆ ಚರ್ಚೇ, ಅಂದರೆ ಕ್ರೈಸ್ತರ ಧರ್ಮಸಂಸ್ಥೆಯೇ, ಹೋಳಾಯಿತು.

ಆದರೆ ಐಡಿಯಾ ಸಾಯಲಿಲ್ಲ ನೋಡಿ. ಇವತ್ತು ಅದೇ ವ್ಯಾಟಿಕನ್ ಗೋಡೆಯ ಪಕ್ಕ 'ಸ್ಕಿಪ್ ದ ಲೈನ್' ಟಿಕೆಟ್ ಮಾರುವವರು ನಿಂತಿರುತ್ತಾರೆ. ಎಲ್ಲರೂ ಅದನ್ನೇ ಕೊಂಡಿರುವುದರಿಂದ, ಕ್ಯೂ ತಪ್ಪಿಸುವವರದ್ದೇ ಒಂದು ದೊಡ್ಡ ಕ್ಯೂ. ಇದಕ್ಕಿಂತ ಹಳೇ ಚೀಟಿಯೇ ವಾಸಿ. ಕೆಲಸ ಮಾಡಲಿಲ್ಲ ಅಂತ ವಾಪಸ್ ಬಂದು ಜಗಳ ತೆಗೆದವರು ಒಬ್ಬರೂ ಇಲ್ಲ.

ಒಳಗೆ ಸಿಸ್ಟೀನ್ ಚಾಪೆಲ್. ಮೈಕೆಲ್ಯಾಂಜೆಲೋ 1508ರಿಂದ 1512ರವರೆಗೆ ಕತ್ತು ಎತ್ತಿ ಬಿಡಿಸಿದ ಚಾವಣಿಗೆ ಟೂರ್ ಮ್ಯಾನೇಜರ್ ಕೊಡುವುದು ಹತ್ತು ನಿಮಿಷ. ಮೌನವಾಗಿರಿ ಎಂದು ಕಾವಲಿನವರು ಕಿರುಚುತ್ತಿರುತ್ತಾರೆ. ನಮ್ಮ ಭುಜ, ಮೊಣಕಾಲು ಮುಚ್ಚಿರಬೇಕು. ಗೋಡೆಯ ಮೇಲಿನ 'ಕೊನೆಯ ತೀರ್ಪು' ಚಿತ್ರದಲ್ಲಿ ಸಂತರೇ ಬೆತ್ತಲಾಗಿದ್ದರು. ಆಮೇಲೆ ಡಾನಿಯೆಲೆ ಡ ವೋಲ್ತೆರಾ ಎಂಬ ಕಲಾವಿದನನ್ನು ಕರೆಸಿ ಅವರ ಮಾನ ಮುಚ್ಚಿಸಿದರು. ಪಾಪ, ಒಳ್ಳೇ ಕಲಾವಿದ. ಊರು ಅವನಿಗೆ 'ಚಡ್ಡಿ ತೊಡಿಸುವವ' ಅಂತ ಹೆಸರಿಟ್ಟಿತು. ನಮ್ಮ ಮಾನ ಮುಚ್ಚಲು ಹೊರಗೆ ಶಾಲು ಮಾರುವವರಿದ್ದಾರೆ.

ಬಾಗಿಲ ಬಳಿಯ ಈ ವ್ಯಾಪಾರದಲ್ಲಿ ಫ್ರೆಂಚರೂ ಕಮ್ಮಿಯಿಲ್ಲ. ರಾಜರ ಕಾಲದಲ್ಲಿ ವರ್ಸೈ ಅರಮನೆಯೊಳಗೆ, ನೆಟ್ಟಗೆ ಬಟ್ಟೆ ತೊಟ್ಟ ಜನಸಾಮಾನ್ಯರೂ ಸುಮ್ನೆ ನೋಡಲು ಹೋಗಬಹುದಿತ್ತು. ಗಂಡಸರ ಹತ್ತಿರ ಟೋಪಿ ಮತ್ತು ಕತ್ತಿ ಇರಬೇಕು ಅಷ್ಟೆ. ಇಲ್ಲದವರಿಗೆ ಗೇಟಿನಲ್ಲೇ ಬಾಡಿಗೆಗೆ ಸಿಗುತ್ತಿತ್ತು. ಈಗ ಸೇಬು ಹೆಚ್ಚುವ ಚಾಕು ತಂದರೂ ಒಳಗೆ ಬಿಡುವುದಿಲ್ಲ, ಟಿಕೆಟ್ ಬೇರೆ. ಸಮಾನತೆ ಬೇಕು ಅಂತ 1793ರಲ್ಲಿ ರಾಜನ ತಲೆ ತೆಗೆದ ಮೇಲಿನ ಕಥೆ ಇದು! ಕನ್ನಡಿ ಹಜಾರದಲ್ಲಿ 357 ಕನ್ನಡಿಗಳಿವೆ. ಜನ ಮುಖ ನೋಡಿಕೊಳ್ಳುವುದು ಫೋನಿನಲ್ಲೇ.

ಸ್ಪೇನಿನ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚ್ ಮಾತ್ರ ಬೆಂಗಳೂರಿನವರಿಗೆ ಗೈಡ್ ಇಲ್ಲದೆಯೂ ಅರ್ಥವಾಗುತ್ತದೆ. 1882ರಲ್ಲಿ ಪಾಯ ಬಿತ್ತು. 1885ರಲ್ಲಿ ವಾಸ್ತುಶಿಲ್ಪಿ ಆಂಟೋನಿ ಗೌಡಿ ಕಟ್ಟಡದ ಲೈಸೆನ್ಸಿಗೆ ಪ್ಲಾನ್ ಸಮೇತ ಅರ್ಜಿ ಹಾಕಿದರು. ಆಗ ಆ ಜಾಗ ಪಕ್ಕದ ಊರಿಗೆ ಸೇರಿತ್ತು. ಉತ್ತರ ಬರಲಿಲ್ಲ. ಆಮೇಲೆ ಆ ಊರೇ ಬಾರ್ಸಿಲೋನಾದೊಳಗೆ ಸೇರಿಹೋಯಿತು. ಗೋಪುರಗಳು ಏಳುತ್ತಲೇ ಇದ್ದವು. 1926ರಲ್ಲಿ ಗೌಡಿ ಟ್ರಾಮ್ ಗುದ್ದಿ ತೀರಿಕೊಂಡರು. 2010ರಲ್ಲಿ ಸ್ವತಃ ಪೋಪ್ ಬಂದು ಪ್ರತಿಷ್ಠೆ ಮಾಡಿದರು. ದೇವರ ಒಪ್ಪಿಗೆ ಸಿಕ್ಕಿತು, ಪಾಲಿಕೆಯದ್ದು ಬಾಕಿ. ಲೈಸೆನ್ಸ್ ಕೈಗೆ ಬಂದದ್ದು 2019ರಲ್ಲಿ, ಪಾಯ ಹಾಕಿ 137 ವರ್ಷಕ್ಕೆ. ಅದರ ಹಿಂದಿನ ವರ್ಷ ನಗರಕ್ಕೆ 3.6 ಕೋಟಿ ಯೂರೋ ಕಟ್ಟಲು ಒಪ್ಪಂದವಾಗಿತ್ತು, ಹತ್ತು ವರ್ಷದ ಅವಧಿಯಲ್ಲಿ. ಅಕ್ರಮ-ಸಕ್ರಮ ಅಂದರೆ ಇದೇ ಅಲ್ವಾ?

ಈ ಚರ್ಚಿನ ಖರ್ಚೆಲ್ಲ ನಡೆಯುವುದು ಹೆಚ್ಚಾಗಿ ಪ್ರವಾಸಿಗರ ಟಿಕೆಟ್ ದುಡ್ಡಿನಲ್ಲಿ. ಅಂದರೆ ಆ ಕಂತಿನಲ್ಲಿ ನಮ್ಮದೂ ಪಾಲಿದೆ. ನಮ್ಮ ಬಸ್ಸಿನಲ್ಲಿ ಕೂತಿದ್ದವರಲ್ಲಿ ಎಷ್ಟೋ ಜನರ ಮನೆ ಇನ್ನೂ ಬಿ ಖಾತಾದಲ್ಲೇ ಇದೆ.