ಅಮ್ಮನ ಮಾತ್ರೆ ಡಬ್ಬಿ

ಮೊನ್ನೆ ಶ್ರೀನಿವಾಸಪುರದ ನಮ್ಮ ತೋಟಕ್ಕೆ ಬಂದಿದ್ದ ನೆಂಟರೊಬ್ಬರು ಅಮ್ಮನ ಮಾತ್ರೆ ಡಬ್ಬಿ ತಿರುಗಿಸಿ ನೋಡಿ, "ಲಿಥಿಯಂ ಅಂದ್ರೆ ಬ್ಯಾಟರಿಗೆ ಹಾಕೋದಲ್ವಾ?" ಅಂದರು. ಹೌದು, ಅದೇ. ಲಿಥಿಯಂ ಕಾರ್ಬೊನೇಟ್ ಅನ್ನೋ ಬಿಳಿ ಉಪ್ಪು. ಸಕ್ಕರೆಗೆ ಉಲ್ಟಾ, ನೀರು ಕಾದಷ್ಟೂ ಕಡಿಮೆ ಕರಗುತ್ತೆ. ಫೋನ್ ಬ್ಯಾಟರಿ ಮಾಡೋಕೂ ಬೇಕು, ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉಬ್ಬಿ, ಒಮ್ಮೆ ಕುಗ್ಗಿಹೋಗೋ ಕಾಯಿಲೆ) ಇರೋ ನಮ್ಮಮ್ಮನಿಗೂ ಬೇಕು.

ಮಾತ್ರೆ ಶುರುವಾಗೋ ಮುಂಚೆ ಅಮ್ಮ ನಾಲ್ಕು ರಾತ್ರಿ ನಿದ್ದೆ ಮಾಡದೆ, ಒಂದು ಹುಳುವೂ ಇಲ್ಲದ ರೇಷ್ಮೆ ಹುಳದ ಮನೆ ತೊಳೀತಾ ಇದ್ದಳು. ಆಮೇಲೆ ವರ್ಷಗಟ್ಟಲೆ ನೆಮ್ಮದಿ.

ಕೆಡಿಸಿದ್ದು ನಾನು. ಹೋದ ಬೇಸಿಗೆ ಅಮ್ಮನ ಬಿಪಿ ಜಾಸ್ತಿ ಅಂತ ಇಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದಾಗ, "ಬೇರೆ ಏನಾದ್ರೂ ಮಾತ್ರೆ ಇದೆಯಾ?" ಅಂತ ಕೇಳಿದರು. ಪಕ್ಕದಲ್ಲಿ ಊರಿನವರು ಕೂತಿದ್ದರು. "ಇಲ್ಲ ಸಾರ್" ಅಂದೆ. ಉಪ್ಪು ಕಡಿಮೆ ಮಾಡಿ ಅಂದರು, ಉಚ್ಚೆ ಹೆಚ್ಚಿಸೋ ಬಿಪಿ ಮಾತ್ರೆ ಬರೆದರು. ಮಂಡಿನೋವಿಗೆ ನಾನೇ ಐಬುಪ್ರೊಫೆನ್ ತಂದುಕೊಟ್ಟೆ. ವಾರ ಕಳೆಯೋದ್ರಲ್ಲಿ ಭೇದಿ. ಕೈ ನಡುಗಿ ಕಾಫಿಯೆಲ್ಲ ಸಾಸರ್‌ಗೆ, ಮಾತು ತೊದಲು, ನಡೆದರೆ ವಾಲಾಟ. ಪಕ್ಕದ ಮನೆಯವರು ದೃಷ್ಟಿ ತೆಗೆದರು. ರಕ್ತ ಪರೀಕ್ಷೆಯಲ್ಲಿ ಲಿಥಿಯಂ 2.1. ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರಬೇಕು, 1.5 ದಾಟಿದರೆ ವಿಷ. ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು.

ವಿಷಯ ಇಷ್ಟೇ: ಕಿಡ್ನಿಗೆ ಲಿಥಿಯಂಗೂ ಅಡಿಗೆ ಉಪ್ಪಿನ ಸೋಡಿಯಂಗೂ ಸರಿಯಾಗಿ ವ್ಯತ್ಯಾಸ ಗೊತ್ತಾಗಲ್ಲ. ಊಟದಲ್ಲಿ ಉಪ್ಪು ಇಳಿದರೆ, ಬೆವರಿಗೋ ಭೇದಿಗೋ ಮೈಯ ನೀರು ಹೋದರೆ, ಅದು ಎರಡನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಆ ಬಿಪಿ ಮಾತ್ರೆ, ಐಬುಪ್ರೊಫೆನ್‌ನಿಂದಲೂ ಲಿಥಿಯಂ ಮೈಯಲ್ಲೇ ಉಳಿಯುತ್ತೆ. ಜಾನ್ ಕೇಡ್ ಅನ್ನೋ ಆಸ್ಟ್ರೇಲಿಯಾದ ವೈದ್ಯರು ಉನ್ಮಾದಕ್ಕೆ ಲಿಥಿಯಂ ಮದ್ದು ಅಂತ ಬರೆದದ್ದು 1949ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ, ಉಪ್ಪು ಬಿಟ್ಟ ಹೃದ್ರೋಗಿಗಳು ಬದಲಿ ಉಪ್ಪು ಅಂತ ಲಿಥಿಯಂ ಕ್ಲೋರೈಡ್ ಉದುರಿಸಿಕೊಂಡು ತಿಂದು ಸತ್ತರು. ಒಂದೇ ಲೋಹ!

ಹಾಗಂತ ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ, ಕಾಯಿಲೆ ಜೋರಾಗಿ ಮರಳುತ್ತೆ. ಕಾಲಕಾಲಕ್ಕೆ ರಕ್ತ ಕೊಡಿ, ಥೈರಾಯ್ಡ್, ಕಿಡ್ನಿನೂ ನೋಡಿಸಿ. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನದು ನುಂಗೋ ಮುಂಚೆ ರಕ್ತ ಕೊಡಬೇಕು. (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಲಿಥಿಯಂ ಹೆಪರಿನ್ ಇರೋ ಟ್ಯೂಬಿಗೆ ತೆಗೆದರೆ ಸುಳ್ಳು ಲೆಕ್ಕ ಬರುತ್ತೆ, ಲ್ಯಾಬಿನವರಿಗೆ ನೆನಪಿಸಿ.)

ಶುಗರ್ ಮಾತ್ರೆ ಹೆಸರನ್ನ ಬಸ್‌ಸ್ಟ್ಯಾಂಡಲ್ಲಿ ಕೂಗಿ ಹೇಳೋ ನಾವು ಇದನ್ನ ಸೀರೆ ಮಡಿಕೆಯಲ್ಲಿ ಬಚ್ಚಿಡ್ತೀವಿ. ಊರಿಗೆ ಹೇಳಬೇಡಿ, ಸರಿ. ಡಾಕ್ಟರಿಗೂ ಮೆಡಿಕಲ್ ಶಾಪಿನವನಿಗೂ ಹೇಳದಿದ್ದರೆ ಹೆಂಗೆ?

ಅಮ್ಮ ನನಗಿಂತ ಧೈರ್ಯಸ್ಥೆ. ಹೋದ ವಾರ ಮೆಡಿಕಲ್ ಶಾಪಲ್ಲಿ ಹತ್ತು ಜನರ ಮಧ್ಯೆ, "ನಾನು ಲಿಥಿಯಂ ತಗೊಳ್ಳೋಳು, ನೋಡ್ಕೊಂಡು ಕೊಡಪ್ಪ" ಅಂದಳು. ಹುಡುಗ ಕೈಯಲ್ಲಿದ್ದ ಸ್ಟ್ರಿಪ್ ವಾಪಸ್ ಇಟ್ಟು ಪ್ಯಾರಾಸಿಟಮಾಲ್ ತಂದ.