ಬಂಡೆಗಿಲ್ಲದ ಭಯ ನಮಗೇಕೆ?

ಚಿತ್ರದುರ್ಗದ ಕಚೇರಿಯೊಂದಕ್ಕೆ ಅರ್ಜಿ ಹಿಡಿದು ಹೋಗಿದ್ದ ದಿನವೇ ಅಲ್ಲಿ ಭೂಕಂಪದ ಅಣಕು ಪ್ರದರ್ಶನವಿತ್ತು. ಭೂಮಿಯು ಹನ್ನೊಂದಕ್ಕೆ ಕಂಪಿಸಬೇಕಿತ್ತಾದರೂ ಸಾಹೇಬರು ಬರುವುದು ತಡವಾದ್ದರಿಂದ ಹನ್ನೆರಡೂವರೆಗೆ ಕಂಪಿಸಿತು. ಸುತ್ತೋಲೆಯ ಪ್ರಕಾರ ಎಲ್ಲರೂ ಮೇಜಿನಡಿ ಅವಿತುಕೊಳ್ಳಬೇಕಿತ್ತು. ಆದರೆ ಹಳೆಯ ಕಡತಗಳ ಗಂಟುಗಳು ಅಲ್ಲಿ ಮೊದಲೇ ಆಶ್ರಯ ಪಡೆದಿದ್ದುದರಿಂದ ಗುಮಾಸ್ತರು ತಲೆಯನ್ನಷ್ಟೇ ಒಳಗಿಟ್ಟು, ಉಳಿದ ದೇಹವನ್ನು ದೈವಕ್ಕೆ ಬಿಟ್ಟರು. ಹಿಂಬಾಗಿಲಿನ ಬೀಗದ ಕೈ ರಜೆಯಲ್ಲಿದ್ದ ಜವಾನನ ಜೇಬಿನಲ್ಲಿತ್ತು. ಫೋಟೊಗಳು ಮಾತ್ರ ಚೆನ್ನಾಗಿ ಬಂದವು.

“ಇದೆಲ್ಲ ಯಾಕೆ ಬೇಕಿತ್ತು ಸಾರ್? ಓಬವ್ವನ ಕಾಲದಿಂದ ಅಲುಗದ ಬಂಡೆಗಳಿವು,” ಎಂದು ಹಿರಿಯ ಗುಮಾಸ್ತರೊಬ್ಬರು ಮಂಡಿಯ ಧೂಳು ಕೊಡವಿಕೊಂಡರು. ಓಬವ್ವನದೇನು, ಈ ಭಾಗದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಮಿಗಿಲಾದ ವಯಸ್ಸಿದೆ. ಅದರ ಮೇಲೆ ನಾವು ಎಬ್ಬಿಸಿರುವ ಮೂರಂತಸ್ತಿಗೆ ಇನ್ನೂ ಮೂರು ವರ್ಷ.

ದುರ್ಗ ಭೂಕಂಪದ ಎರಡನೇ ವಲಯದಲ್ಲಿದೆ. ನಕ್ಷೆಯಲ್ಲಿ ‘ಅಪಾಯ ಕಡಿಮೆ’ ಎಂದಿರುವುದನ್ನು ನಾವು ‘ಅಪಾಯವಿಲ್ಲ’ ಎಂದು ಓದಿಕೊಂಡು ನೆಮ್ಮದಿಯಾಗಿದ್ದೇವೆ. ಲಾತೂರು ಜಿಲ್ಲೆಯ ಕಿಲ್ಲಾರಿಯಂತೂ ಇನ್ನೂ ನಿರಾತಂಕವಾದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಕಂಪನವು ಆ ಸೀಮೆಯ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚಿನವರ ಮೇಲೆ ಕುಸಿದದ್ದು ಮಣ್ಣಿನಲ್ಲಿ ಕಲ್ಲು ಕೂರಿಸಿ ಕಟ್ಟಿದ ದಪ್ಪ ಗೋಡೆ ಮತ್ತು ಅದು ಹೊತ್ತಿದ್ದ ಮಣ್ಣಿನ ಮಾಳಿಗೆ, ಅಂದರೆ ನಮ್ಮ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹಾಕಿಸಿ ಇನ್ನಷ್ಟು ಭಾರ ಮಾಡುವ ಮನೆಗಳ ಒಡಹುಟ್ಟುಗಳೇ. 2002ರಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದು ಎರಡನೆಯದಕ್ಕೆ ಸೇರಿಸಿದರು. ಪಾಠ ಕಲಿತದ್ದು ನಕ್ಷೆ. ನಾವು ಮಾತ್ರ ಖಾಲಿಯಾದ ಆ ನಿಶ್ಚಿಂತೆಯ ಆಸನದಲ್ಲಿ ಹೋಗಿ ಕುಳಿತೆವು.

ಪ್ರದರ್ಶನದ ಕೊನೆಯಲ್ಲಿ ಎಲ್ಲರೂ ಬಯಲಿನಲ್ಲಿ ಸೇರಬೇಕಿತ್ತು. ಬಿಸಿಲು ಹೆಚ್ಚಾಗಿದ್ದರಿಂದ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ನೆರಳಿಗೆ ಸರಿದು ನಿಂತೆವು. ಪಿಲ್ಲರಿನ ಕಂಬಿಗಳಿಗೆ ಒಂದಡಿಗೊಂದರಂತೆ ರಿಂಗು ಕಟ್ಟುತ್ತಿದ್ದವನನ್ನು, ಇಷ್ಟು ದೂರ ದೂರ ಏಕಪ್ಪಾ ಎಂದು ಕೇಳಿದೆ.

“ಸಾಕಂತೆ ಸಾರ್, ಓನರ್ ಹೇಳಿದ್ರು. ಇಲ್ಲಿ ಭೂಕಂಪ ಆಗಲ್ವಂತಲ್ಲ?”

ಅಷ್ಟರಲ್ಲಿ ಸಾಹೇಬರು ಹಾಜರಾತಿ ಕೂಗಿದರು, ಎಲ್ಲರೂ ಸುರಕ್ಷಿತವಾಗಿದ್ದೆವು.