ಗುಡ್ಡ ಹತ್ತಿ ನೋಡೋ ಫಾರ್ಮುಲಾ ಒನ್

ಮಲೆನಾಡಿನ ಕಾರ್ ರೇಸ್ ಅಭಿಮಾನಿಗಳ ಆರೋಗ್ಯದ ಬಗ್ಗೆ ಪ್ರಸಾರ ಕಂಪನಿಗಳಿಗೆ ಇರುವ ಕಾಳಜಿ ನಮ್ಮ ಮನೆಯವರಿಗೂ ಇಲ್ಲ. ಇಲ್ಲದಿದ್ದರೆ ಭಾನುವಾರ ಸಂಜೆ ಕೋಡುಬಳೆ ಮುಕ್ಕುತ್ತಾ ಟಿವಿ ಮುಂದೆ ಬಿದ್ದಿರುತ್ತಿದ್ದ ನಮ್ಮನ್ನು ಎಬ್ಬಿಸಿ ಗುಡ್ಡ ಹತ್ತಿಸುವ ಯೋಚನೆ ಯಾರಿಗೆ ಬರುತ್ತಿತ್ತು ಹೇಳಿ?

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಫಾರ್ಮುಲಾ ಒನ್ ಟಿವಿಯಲ್ಲೇ ಬರುತ್ತಿತ್ತು. 2022ರ ಸೀಸನ್ ಮುಗಿದ ಮೇಲೆ ಸ್ಟಾರ್ ಸ್ಪೋರ್ಟ್ಸ್ ಅದನ್ನು ಕೈಬಿಟ್ಟಿತು. 2023ರಲ್ಲಿ ಇಷ್ಟು ದೊಡ್ಡ ದೇಶದಲ್ಲಿ ರೇಸ್ ತೋರಿಸೋಕೆ ಒಂದು ಟಿವಿ ಚಾನೆಲ್ ಗತಿ ಇರಲಿಲ್ಲ. ರೇಸ್ ನಡೆಸುವವರ ಸ್ವಂತ ಆ್ಯಪ್‌ಗೆ ದುಡ್ಡು ಕಟ್ಟಿ ನೋಡಿ ಅಂದರು. ಕಟ್ಟಿದೆವು. 2024ಕ್ಕೆ ಹಕ್ಕು ಇನ್ನೊಂದು ಆ್ಯಪ್‌ಗೆ ಹೋಯಿತು. ಮತ್ತೆ ಕಟ್ಟಿದೆವು. ಬಾಡಿಗೆ ಮನೆಯವರೂ ಇಷ್ಟು ಬೇಗ ಪಾತ್ರೆ ಪಗಡ ಎತ್ತೋದಿಲ್ಲ. ಪ್ರತಿ ಸಲವೂ ಅದೇ ಮಾತು: ರೇಸನ್ನು ಅಭಿಮಾನಿಗಳಿಗೆ ಇನ್ನೂ ಹತ್ತಿರ ತರುತ್ತಿದ್ದೇವೆ ಅಂತ.

ಎಷ್ಟು ಹತ್ತಿರ ಅಂದರೆ, ನಮ್ಮ ಮನೆಯಿಂದ ತೋಟ ದಾಟಿ, ಸಂಕ ದಾಟಿ, ಗುಡ್ಡದ ತಲೆ ಮೇಲಿರುವ ಹಲಸಿನ ಮರದ ಬುಡದ ತನಕ. ಹೊಸನಗರದ ಈ ಕಡೆ ಇಂಟರ್‌ನೆಟ್ ಸಿಗುವುದು ಅಲ್ಲೇ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸ್ ಕೇಳಿದ್ದೂ ಅದೇ ಮರದ ಕೆಳಗೆ. ಆಮೇಲೆ ಈ ಭಾಗದ ಊರುಗಳಲ್ಲಿ ‘ನೆಟ್‌ವರ್ಕ್ ಇಲ್ಲ, ಓಟೂ ಇಲ್ಲ’ ಅಂತ ಬೋರ್ಡ್ ಹಾಕಿದ್ದೂ ಆಯಿತು. ಓಟು ಮುಗಿಯಿತು, ಮರ ಹಾಗೇ ಇದೆ.

ಈ ಆಟದ ವೇಗದ ಬಗ್ಗೆ ಒಂದು ಮಾತು. 2023ರ ಕತಾರ್ ರೇಸಿನಲ್ಲಿ ಮೆಕ್‌ಲಾರೆನ್ ತಂಡದ ಹುಡುಗರು ತಮ್ಮ ಚಾಲಕ ನೋರಿಸ್‌ನ ಕಾರಿಗೆ ನಾಲ್ಕೂ ಟೈರ್ ಬದಲಾಯಿಸಲು ತೆಗೆದುಕೊಂಡಿದ್ದು 1.80 ಸೆಕೆಂಡ್. ಅದು ದಾಖಲೆ. ಹೀಗೆ ರೇಸಿನ ಮಧ್ಯೆ ಕಾರು ನಿಲ್ಲಿಸೋದಕ್ಕೆ ಪಿಟ್ ಸ್ಟಾಪ್ ಅಂತಾರೆ. ನಮ್ಮ ಗುಡ್ಡದಲ್ಲಿ ಅದಕ್ಕಿಂತ ದೊಡ್ಡ ಪಿಟ್ ಸ್ಟಾಪ್ ನಡೆಯುತ್ತದೆ, ಅದಕ್ಕೆ ಓಟಿಪಿ ಅಂತ ಹೆಸರು. ಇಲ್ಲಿ ಮಾತಾಡೋಕೆ ಒಂದು ಸಿಮ್, ಇಂಟರ್‌ನೆಟ್‌ಗೆ ಇನ್ನೊಂದು ಸಿಮ್. ನೋಂದಣಿ ಆಗಿರುವ ನಂಬರ್ ಅಮ್ಮನ ಬಟನ್ ಫೋನಿನಲ್ಲಿ. ಆ ಫೋನಿಗೆ ಸಿಗ್ನಲ್ ಬರೋದು ಜಗಲಿಯ ಎಡಗಡೆ ಮೂಲೆಯಲ್ಲಿ, ಕಂಬಕ್ಕೆ ಒರಗಿ ನಿಂತರೆ ಮಾತ್ರ. ನಾನು ಮರದ ಬುಡದಲ್ಲಿ, ತಮ್ಮ ಸಂಕದ ಹತ್ತಿರ, ಅಮ್ಮ ಕಂಬಕ್ಕೆ ಒರಗಿ.

‘ಬಂತಾ ಅಮ್ಮಾ?’

‘ಬಂತು ಮಾರಾಯ. ಇದನ್ನ ಯಾರಿಗೂ ಹೇಳಬೇಡಿ ಅಂತ ಬರೆದಿದ್ದಾರಲ್ಲೋ. ಕೂಗಿ ಹೇಳ್ಲಾ?’

‘ಕೂಗು!’

ಅಮ್ಮ ಕೂಗಿದ ಗುಟ್ಟಿನ ನಂಬರನ್ನು ತಮ್ಮ ಗುಡ್ಡಕ್ಕೆ ದಾಟಿಸಿದ. ಪಕ್ಕದ ಮನೆಯ ಅಜ್ಜನೂ ಕೇಳಿಸಿಕೊಂಡು, ಕೊನೆಯದು ಒಂದಲ್ಲ, ಎರಡು ಅಂತ ತಿದ್ದಿದರು. ನಾನು ಒತ್ತುವಷ್ಟರಲ್ಲಿ ಅವಧಿ ಮುಗಿದಿತ್ತು. ಇನ್ನೊಮ್ಮೆ ಕಳಿಸಿ ಅಂತ ಒತ್ತಿದೆ. ಅಷ್ಟರಲ್ಲಿ ಅಮ್ಮ ಒಲೆ ಮೇಲಿನ ಹಾಲು ನೋಡೋಕೆ ಒಳಗೆ ಹೋಗಿದ್ದಳು. ರೇಸ್ ಶುರು ಅಂತ ಐದು ಕೆಂಪು ದೀಪ ಆರಿದ್ದೂ ನಮ್ಮ ಹಾಲು ಉಕ್ಕಿದ್ದೂ ಒಟ್ಟೊಟ್ಟಿಗೆ ಇರಬೇಕು.

ಹಾಗಂತ ಡಿಶ್ ಕಾಲ ಸ್ವರ್ಗವಾಗಿತ್ತು ಅಂತ ಯಾರೂ ತಿಳಿಯಬೇಡಿ. ಜೂನ್ ಹಿಡಿದರೆ ಡಿಶ್ಶಿಗೆ ಮಳೆ ಮಾತ್ರ ಕಾಣುತ್ತಿತ್ತು. ಇಡೀ ರಾಜ್ಯಕ್ಕೆ ಕರೆಂಟ್ ಕೊಡುವ ಶರಾವತಿ ನಮ್ಮ ಪಕ್ಕದಲ್ಲೇ ಹರಿಯುತ್ತಾಳೆ, ಆದರೆ ಗಾಳಿ ಮಳೆ ಬಂದರೆ ಮೊದಲು ಕತ್ತಲಾಗೋದು ನಮಗೇ. ಅದರಿಂದ ಒಮ್ಮೆ ಮಾತ್ರ ಲಾಭವಾಗಿದೆ. 2021ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮಳೆಯೋ ಮಳೆ. ಜಗತ್ತೆಲ್ಲ ಗಂಟೆಗಟ್ಟಲೆ ಕಾದು ಕೂತಿತು. ಕೊನೆಗೆ ಎಲ್ಲರನ್ನೂ ನಿಧಾನಕ್ಕೆ ಕರೆದೊಯ್ಯುವ ಸೇಫ್ಟಿ ಕಾರಿನ ಹಿಂದೆ ಒಂದೆರಡು ಸುತ್ತು ಮೆರವಣಿಗೆ ಮಾಡಿಸಿ, ಮಾಮೂಲಿಯ ಅರ್ಧದಷ್ಟು ಪಾಯಿಂಟ್ ಹಂಚಿ, ರೇಸ್ ಆಯಿತು ಅಂದರು. ಅವತ್ತು ಸಿಗ್ನಲ್ ಇಲ್ಲ ಅಂತ ಟಿವಿ ಆರಿಸಿ ಕಷಾಯ ಕುಡಿದು ಮಲಗಿದವರೇ ನಿಜವಾದ ಜಾಣರು.

ಹೊರದೇಶದವರು ಸುಖವಾಗಿದ್ದಾರೆ ಅಂದುಕೊಂಡಿದ್ದೆ. ಅದೂ ಸುಳ್ಳು. ಬ್ರಿಟನ್‌ನಲ್ಲಿ 1997ಕ್ಕೆ ಬಿಬಿಸಿಯಿಂದ ಐಟಿವಿಗೆ, 2009ಕ್ಕೆ ವಾಪಸ್ ಬಿಬಿಸಿಗೆ, 2012ರಿಂದ ದುಡ್ಡು ಕೊಟ್ಟು ನೋಡುವ ಸ್ಕೈ ಕಡೆಗೆ. 2005ರಲ್ಲಿ ಇಟಲಿಯ ಇಮೋಲಾ ರೇಸಿನಲ್ಲಿ ಮುಂದಿದ್ದ ಅಲೋನ್ಸೊ ಬೆನ್ನಿಗೆ ಶೂಮಾಕರ್ ಅಂಟಿಕೊಂಡು ಬರುತ್ತಿದ್ದಾಗ, ಇನ್ನೇನು ಕೆಲವೇ ಸುತ್ತು ಉಳಿದಿದ್ದಾಗ, ಐಟಿವಿ ಜಾಹೀರಾತಿಗೆ ಹೋಯಿತು. ಅಮೆರಿಕದವರು 2026ರಿಂದ ಆ್ಯಪಲ್ ಕಂಪನಿಗೆ ದುಡ್ಡು ಕಟ್ಟಬೇಕು. ಓಟಿಪಿ ಕೂಗಿ ಹೇಳೋಕೆ ಅವರಿಗೆ ಅಮ್ಮ ಇದ್ದಾಳೋ ಇಲ್ಲವೋ.

ನಮ್ಮ ದೇಶಕ್ಕೆ ಈ ಆಟದ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಅದು ಆಟವೇ ಅಲ್ಲ ಅಂತ ಒಮ್ಮೆ ತೀರ್ಮಾನ ಆಗಿಬಿಟ್ಟಿದೆ. ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರ ತನಕ ಮೂರು ಸಲ ರೇಸ್ ನಡೆಯಿತು. ಮೂರೂ ಸಲ ಜರ್ಮನಿಯ ವೆಟ್ಟೆಲ್ ಗೆದ್ದ. ಇದು ಕ್ರೀಡೆಯಲ್ಲ, ಮನರಂಜನೆ ಅಂತ ಉತ್ತರ ಪ್ರದೇಶ ಸರ್ಕಾರ ತೆರಿಗೆಯ ಲೆಕ್ಕ ಹಾಕಿತು. ನಾಲ್ಕನೇ ರೇಸ್ ನಡೆಯಲೇ ಇಲ್ಲ. ನಮ್ಮ ಅಪ್ಪನ ಪ್ರಕಾರ ಇದು ಎರಡೂ ಅಲ್ಲ, ಪೆಟ್ರೋಲ್ ದಂಡ.

ಅಪ್ಪನ ಸಿಟ್ಟಿಗೆ ಕಾರಣ ಇದೆ. ಅಡಿಕೆಗೆ ರೇಟು ಚೆನ್ನಾಗಿದ್ದ ವರ್ಷ ಶಿವಮೊಗ್ಗದಿಂದ ದೊಡ್ಡ ಟಿವಿ ತಂದದ್ದು ಅವರೇ. ಈಗ ಅದಕ್ಕೆ ಅಮ್ಮ ಕಸೂತಿ ಬಟ್ಟೆ ಹೊದಿಸಿದ್ದಾಳೆ. ಮಗ ಮಾತ್ರ ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಕೊಡೆ ಕೆಳಗೆ ಅಂಗೈಯಗಲದ ಮೊಬೈಲಿನಲ್ಲಿ ಮೊನಾಕೊ ರೇಸ್ ನೋಡುತ್ತಾನೆ. ಅದರಲ್ಲಿ ಫೆರಾರಿ ಯಾವುದು ಅಂತ ಬಣ್ಣದಿಂದ ಗೊತ್ತಾಗುತ್ತದೆ. ಉಳಿದದ್ದೆಲ್ಲ ಊಹೆ. ಕೇಬಲ್‌ನವನನ್ನೂ ಒಂದು ಮಾತು ಕೇಳಿ ನೋಡಿದೆ. ‘ಕಾರ್ ರೇಸಾ? ಊರಲ್ಲಿ ನಿಮಗೊಬ್ಬರಿಗೇ ಮಾರಾಯ್ರೆ ಅದು. ಧಾರಾವಾಹಿ ಚಾನೆಲ್ ಇನ್ನೆರಡು ಹಾಕ್ಲಾ?’ ಅಂದ.

ಇಷ್ಟೆಲ್ಲ ಆಗಿ ಚಿತ್ರ ಬಂತು ಅನ್ನಿ. ಅಷ್ಟರಲ್ಲಿ ಬೆಂಗಳೂರಿನ ಭಾವನಿಂದ ವಾಟ್ಸ್ಆ್ಯಪ್ ಬರುತ್ತದೆ: ‘ಅಯ್ಯೋ, ಲೆಕ್ಲರ್ ಹೊರಗೆ ಹೋದ!’ ನನ್ನ ಮೊಬೈಲಿನಲ್ಲಿ ಚಿತ್ರ ತಡವಾಗಿ ಬರೋದರಿಂದ ಲೆಕ್ಲರ್ ಇನ್ನೂ ಆರಾಮಾಗಿ ಫೆರಾರಿ ಓಡಿಸುತ್ತಿರುತ್ತಾನೆ. ಪಾಪ, ಅವನಿಗೆ ಗೊತ್ತಿಲ್ಲ. ಭವಿಷ್ಯ ನೋಡುವ ಶಕ್ತಿ ನಮಗೆ ಸುಮ್ನೆ ಸಿಕ್ಕಿಬಿಟ್ಟಿದೆ, ಇದಕ್ಕೂ ಕಂಪನಿಗಳು ಬೇರೆ ದುಡ್ಡು ಕೇಳಿಲ್ಲ ಅನ್ನೋದೇ ಸಂತೋಷ.

ಈ ಒಪ್ಪಂದವೂ ಒಂದು ದಿನ ಮುಗಿಯುತ್ತದೆ, ಇನ್ಯಾರೋ ಬರುತ್ತಾರೆ. ನನ್ನದೊಂದೇ ಬೇಡಿಕೆ. ಮುಂದಿನ ಸಹಿ ದೊಡ್ಡ ಹೋಟೆಲಿನಲ್ಲಿ ಬೇಡ, ನಮ್ಮ ಹಲಸಿನ ಮರದ ಬುಡದಲ್ಲೇ ಆಗಲಿ. ಜುಲೈ ತಿಂಗಳಾದರೆ ಒಳ್ಳೆಯದು. ಕೊಡೆ, ಕಂಬಳಿ, ಬಿಸಿ ಕಷಾಯ, ಜಿಗಣೆಗೆ ಹಚ್ಚೋಕೆ ಸುಣ್ಣ, ಎಲ್ಲ ನಮ್ಮ ಖರ್ಚು. ಆನ್‌ಲೈನ್‌ನಲ್ಲೇ ಸಹಿ ಹಾಕಲಿ, ಓಟಿಪಿ ಅಮ್ಮನ ಫೋನಿಗೆ ಬರಲಿ. ಅಮ್ಮ ಈಗ ತುಂಬಾ ಹುಷಾರಾಗಿದ್ದಾಳೆ, ಯಾರು ಎಷ್ಟು ಕೂಗಿದರೂ ಹೇಳೋದಿಲ್ಲ.